ಬೋಲ್ಟ್ ಕೂತರೆ ಸಾಲದು

ನಮ್ಮ 1974ರ ಶೆವರ್ಲೆ ಸಿ10 ಪಿಕಪ್‌ಗೆ ಬೇರೆ ಎಂಜಿನ್ ಹಾಕಿದ ಸುದ್ದಿ ಕೇಳಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಹಾರ್ಸ್‌ಪವರ್? ಗೇರ್‌ಬಾಕ್ಸ್ ಯಾವುದು, ಹಿಂದಿನ ಆಕ್ಸಲ್‌ನ ಅನುಪಾತ ಎಷ್ಟು, ಎರಡನ್ನೂ ಹೇಗೆ ಹೊಂದಿಸಿದಿರಿ ಎಂದು ಕೇಳುವವರು ಅಪರೂಪ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದ್ದದ್ದು ಅಲ್ಲಿಯೇ. ಎಂಜಿನ್ ಕೂರಿಸುವುದಕ್ಕೆ ಒಂದು ಹಾಯ್ಸ್ಟ್, ನಾಲ್ಕು ಕೈ ಮತ್ತು ಒಂದು ಶನಿವಾರ ಇದ್ದರೆ ಸಾಕು. ಅದರ ಬೆನ್ನಿಗೆ ಗೇರ್‌ಬಾಕ್ಸ್ ಹೊಂದಿಸುವುದಕ್ಕೆ ಅಳತೆ ಬೇಕು, ಲೆಕ್ಕ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು.

ಟ್ರಕ್ಕಿನ ಪೂರ್ವಾಪರ ಇಷ್ಟು. ಇಂಡಿಯಾನಾದ ಕೊಲಂಬಸ್‌ನಲ್ಲಿ ನಾವು ಮನೆ ಕೊಂಡಾಗ ಹಿತ್ತಲಿನ ಶೆಡ್‌ನಲ್ಲಿ ಇದೂ ಇತ್ತು. ಆರು ಸಿಲಿಂಡರ್‌ನ 250 ಘನ ಇಂಚಿನ ಎಂಜಿನ್, ಅಂದರೆ 4.1 ಲೀಟರ್, ಮೂರು ಗೇರ್, ನಮ್ಮೂರಿನ ಹಳೆಯ ಅಂಬಾಸಿಡರ್‌ಗಳಲ್ಲಿದ್ದಂತೆ ಸ್ಟೀರಿಂಗ್ ಕಂಬದ ಮೇಲೆ ಗೇರ್ ಕಡ್ಡಿ. ಹಿಂದಿನವರು ರೇಡಿಯೇಟರ್‌ಗೆ ಬರೀ ನೀರು ತುಂಬಿಟ್ಟಿದ್ದರಿಂದ ಯಾವುದೋ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಬ್ಲಾಕ್ ಸೀಳಿಹೋಗಿತ್ತು. ಅದರ ಜಾಗಕ್ಕೆ ತೊಂಬತ್ತರ ದಶಕದ ಆರಂಭದ ಶೆವರ್ಲೆ ಪಿಕಪ್ ಒಂದರಿಂದ 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ8 ತಂದೆವು. ಆ ದಾನಿ ಟ್ರಕ್ಕಿನಲ್ಲಿದ್ದದ್ದು ಆಟೊಮ್ಯಾಟಿಕ್ ಗೇರ್‌ಬಾಕ್ಸ್. ನನಗೆ ಬೇಕಿದ್ದದ್ದು ಕೈಯಿಂದ ಹಾಕುವ ಗೇರ್. ಇಂಧನ ಪೂರೈಕೆ, ವೈರಿಂಗ್ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ಅದು ಬೇರೆಯದೇ ಕತೆ.

ಹಳೆಯ ಮೂರು ಗೇರಿನ ಪೆಟ್ಟಿಗೆಯನ್ನೇ ಬಳಸಬಹುದಲ್ಲ ಎಂದು ಬಿಡಿಭಾಗಗಳ ಅಂಗಡಿಯವನು ಹೇಳಿದ. ಬೋಲ್ಟ್ ಆಗುತ್ತದೆ, ನಿಜ. ಶೆವರ್ಲೆಯ ಸಣ್ಣ ಬ್ಲಾಕ್ ವಿ8 (ನಮ್ಮ 350 ಕೂಡ ಇದೇ ಕುಟುಂಬದ್ದು) 1955ರಲ್ಲಿ ಬಂದಾಗಿನಿಂದ ಅದರ ಬೆನ್ನಿನ ಬೋಲ್ಟ್ ತೂತುಗಳ ವಿನ್ಯಾಸ ಬದಲಾಗಿಲ್ಲ, ಆರು ಸಿಲಿಂಡರ್‌ನ 250ಕ್ಕೂ ಅದೇ ವಿನ್ಯಾಸ. ತೊಂಬತ್ತರ ದಶಕದ ಕೊನೆಗೆ ಬಂದ ಎಲ್‌ಎಸ್ ಎಂಜಿನ್‌ಗಳೂ ಹೆಚ್ಚುಕಡಿಮೆ ಅದನ್ನೇ ಉಳಿಸಿಕೊಂಡಿವೆ. ಹೀಗೆ ಎಲ್ಲವೂ ಎಲ್ಲಕ್ಕೂ ಕೂರುವುದೇ ಜನರನ್ನು ದಾರಿ ತಪ್ಪಿಸುತ್ತದೆ. ಎಲ್‌ಎಸ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್‌ನ, ಅಂದರೆ ಎಂಜಿನ್‌ನ ತಿರುಗುವ ಮುಖ್ಯ ದಂಡದ, ಹಿಂತುದಿ ಹಳೆಯ ಸಣ್ಣ ಬ್ಲಾಕ್‌ಗಿಂತ ಸುಮಾರು 0.4 ಇಂಚು ಒಳಗೆ ನಿಂತಿರುತ್ತದೆ. ಹಳೆಯ ಗೇರ್‌ಬಾಕ್ಸ್ ಅದಕ್ಕೆ ಲಕ್ಷಣವಾಗಿ ಬೋಲ್ಟ್ ಆಗುತ್ತದೆ, ಆದರೆ ಗೇರ್‌ಬಾಕ್ಸ್‌ನಿಂದ ಮುಂದಕ್ಕೆ ಚಾಚಿದ ಇನ್‌ಪುಟ್ ಶಾಫ್ಟ್‌ನ ಮೂತಿ, ಅದನ್ನು ಹಿಡಿಯಲೆಂದು ಕ್ರ್ಯಾಂಕ್‌ನ ಬೆನ್ನಿನಲ್ಲಿರುವ ಪೈಲಟ್ ಬುಷ್ ಎಂಬ ಉಂಗುರಕ್ಕೆ ಸರಿಯಾಗಿ ಎಟಕುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ನಮ್ಮ ಮೂರು ಗೇರಿನ ಪೆಟ್ಟಿಗೆ ಆರು ಸಿಲಿಂಡರ್‌ನ ಮೆದು ಎಳೆತಕ್ಕೆ ಮಾಡಿದ್ದು. ಹೊಸ 350ರ ಟಾರ್ಕ್, ಅಂದರೆ ತಿರುಚುವ ಬಲ, ಸುಮಾರು 400 ನ್ಯೂಟನ್ ಮೀಟರ್. ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಅದರ ಹಲ್ಲು ಉದುರಿದರೆ ಗೇರ್‌ಬಾಕ್ಸ್‌ನದೇನೂ ತಪ್ಪಿರುವುದಿಲ್ಲ. ಎನ್‌ವಿ3500 ಎಂಬ ಐದು ಗೇರಿನ ಪೆಟ್ಟಿಗೆ ಇದೆ: ಓವರ್‌ಡ್ರೈವ್ (ಎಂಜಿನ್‌ಗಿಂತ ಗೇರ್‌ಬಾಕ್ಸ್‌ನ ಹಿಂತುದಿ ವೇಗವಾಗಿ ತಿರುಗುವ ಗೇರ್) ಇದೆ, ಹಗುರ, ಇದೇ ಎಂಜಿನ್‌ನ ಹಿಂದೆ ಕಾರ್ಖಾನೆಯಿಂದಲೇ ಬಂದದ್ದೂ ಹೌದು. ಆದರೆ ಅದರ ಸಾಮರ್ಥ್ಯದ ಮಿತಿ ಈ ಎಂಜಿನ್‌ನ ಟಾರ್ಕ್‌ಗೆ ಸರಿಸಮವಾಗಿ ನಿಲ್ಲುತ್ತದೆ, ಹೆಚ್ಚುವರಿ ತಾಕತ್ತು ಏನೂ ಉಳಿಯುವುದಿಲ್ಲ. ಅದರ ಬೆಲ್ ಹೌಸಿಂಗ್, ಅಂದರೆ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಕವಚ, ಗೇರ್‌ಬಾಕ್ಸ್‌ನ ಮೈಯೊಂದಿಗೇ ಎರಕವಾಗಿರುವುದು ನನಗೆ ಒಗ್ಗದ ಇನ್ನೊಂದು ಸಂಗತಿ. ಕಾರಣ ಮುಂದೆ ಹೇಳುತ್ತೇನೆ. ಎನ್‌ವಿ4500 ಗಟ್ಟಿಯೇ, ಅದರ ಬೆಲೆ ಮಾತ್ರ ನಮ್ಮ ಟ್ರಕ್ಕಿನ ಬೆಲೆಯನ್ನೇ ಮೀರುವಂತಿತ್ತು.

ಕೊನೆಗೆ ಆರಿಸಿಕೊಂಡದ್ದು ಎಸ್‌ಎಂ465. 1968ರಿಂದ 1991ರವರೆಗೆ ಜನರಲ್ ಮೋಟಾರ್ಸ್‌ನ ಟ್ರಕ್ಕುಗಳಲ್ಲಿ ಬಂದ, ಎರಕದ ಕಬ್ಬಿಣದ ಮೈಯ, ನಾಲ್ಕು ಗೇರಿನ ಪೆಟ್ಟಿಗೆ. ತೂಕ ಎಂಬತ್ತು ಕೆಜಿಯ ಆಸುಪಾಸು. ಇದು ತಯಾರಾಗುತ್ತಿದ್ದದ್ದು ಇಲ್ಲೇ ಇಂಡಿಯಾನಾದ ಮನ್ಸಿ ಊರಿನಲ್ಲಿ. ಆ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು. ನಮ್ಮ ಸುತ್ತಮುತ್ತಲಿನ ಗುಜರಿ ಅಂಗಳಗಳಲ್ಲಿ ಈ ಪೆಟ್ಟಿಗೆ ಇನ್ನೂ ಸಿಗುತ್ತದೆ. ಮುಚ್ಚಳ ತೆಗೆದು ಟಾರ್ಚ್ ಹಿಡಿದು ನೋಡಿದರೆ ಸಾಕು, ಮಾಡಿದವರ ಮನಸ್ಸು ಅರ್ಥವಾಗುತ್ತದೆ. ಒಂದೊಂದು ಗೇರೂ ಅಗಲ, ಶಾಫ್ಟ್‌ಗಳು ದಪ್ಪ, ಎಲ್ಲಿಯೂ ಲೋಹಕ್ಕೆ ಜಿಪುಣತನ ಮಾಡಿಲ್ಲ.

ಆದರೆ ಗಟ್ಟಿ ಇದ್ದ ಮಾತ್ರಕ್ಕೆ ಹೊಂದುತ್ತದೆ ಎನ್ನಲಾಗದು. ಎಸ್‌ಎಂ465ರ ಅನುಪಾತಗಳು, ಅಂದರೆ ಗೇರ್‌ಬಾಕ್ಸ್‌ನ ಹಿಂತುದಿ ಒಂದು ಸುತ್ತು ಸುತ್ತಲು ಎಂಜಿನ್ ಎಷ್ಟು ಸುತ್ತಬೇಕೆಂಬ ಲೆಕ್ಕ, ಮೊದಲ ಗೇರಿನಿಂದ ಹೀಗಿವೆ: 6.55, 3.58, 1.70, 1.00. ಮೊದಲನೆಯದು ಹೊಲ ಉಳುವಂಥ ಗೇರ್. ನಾಲ್ಕನೆಯದು ನೇರ, ಓವರ್‌ಡ್ರೈವ್ ಇಲ್ಲ. ನಮ್ಮ ಟ್ರಕ್ಕಿನ ಹಿಂದಿನ ಆಕ್ಸಲ್‌ನ ಅನುಪಾತ 3.73 ಇತ್ತು (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸ್‌ನ ಹಿಂತುದಿ 3.73 ಸುತ್ತು), ಎಂಜಿನ್‌ಗೆ ಕಸುವು ಕಡಿಮೆ ಇದ್ದಾಗ ಆಕ್ಸಲ್‌ನೊಳಗಿನ ಕ್ರೌನ್‌ ಪಿನಿಯನ್ ಗೇರುಗಳಿಂದ ಅದನ್ನು ತುಂಬಿಕೊಡುವ ಲೆಕ್ಕಾಚಾರ ಅದು. ಅದೇ ಆಕ್ಸಲ್ ಇಟ್ಟುಕೊಂಡರೆ ಏನಾಗುತ್ತದೆ? 235/75 ಆರ್15 ಟೈರಿನ ಸುತ್ತಳತೆ ಸುಮಾರು 2.3 ಮೀಟರ್. ಗಂಟೆಗೆ 105 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 760 ಸುತ್ತು ಸುತ್ತುತ್ತದೆ. ಅದನ್ನು 3.73ರಿಂದ ಗುಣಿಸಿದರೆ ಎಂಜಿನ್ 2,830 ಸುತ್ತಿನಲ್ಲಿ ಓಡಬೇಕು. ಇಂಡಿಯಾನಾಪೊಲಿಸ್‌ವರೆಗೆ ಹೆದ್ದಾರಿಯಲ್ಲಿ ಆ ಸದ್ದು ಕೇಳುತ್ತ, ಆ ಪೆಟ್ರೋಲ್ ಸುಡುತ್ತ ಹೋಗುವುದಕ್ಕೆ ನನಗೆ ಮನಸ್ಸಿರಲಿಲ್ಲ.

ಎಲ್ಲರೂ ಓವರ್‌ಡ್ರೈವ್ ಇರುವ ಗೇರ್‌ಬಾಕ್ಸ್ ಹುಡುಕುತ್ತಾರೆ. ನಾನು ಆಕ್ಸಲ್ ಹುಡುಕಿದೆ. ಇದೇ ಪೀಳಿಗೆಯ, ಹನ್ನೆರಡು ಬೋಲ್ಟಿನ ಮುಚ್ಚಳದ, 3.07 ಅನುಪಾತದ ಇಡೀ ಆಕ್ಸಲ್ ಒಂದು ಗುಜರಿಯಲ್ಲಿ ಸಿಕ್ಕಿತು. ಈಗ ಅದೇ 105 ಕಿ.ಮೀ. ವೇಗಕ್ಕೆ ಎಂಜಿನ್ 2,330 ಸುತ್ತು ಸುತ್ತಿದರೆ ಸಾಕು. ಹಾಗಾದರೆ ಹೊರಡುವಾಗ ಎಳೆತ ಸಾಲುವುದೇ? ಇಲ್ಲಿಯೇ ಎಸ್‌ಎಂ465ರ ಆಳವಾದ ಕೆಳ ಗೇರುಗಳು ಬಲಕ್ಕೆ ಬರುವುದು. ಎರಡನೆಯ ಗೇರಿನ 3.58ನ್ನು 3.07ರಿಂದ ಗುಣಿಸಿದರೆ ಒಟ್ಟು 11. ಖಾಲಿ ಟ್ರಕ್ಕನ್ನು ಸಲೀಸಾಗಿ ಹೊರಡಿಸುವುದಕ್ಕೆ ಅದು ಹೇಳಿ ಮಾಡಿಸಿದ ಸಂಖ್ಯೆ. ಮೊದಲ ಗೇರಿನಲ್ಲಿ ಒಟ್ಟು 20. ಆಕ್ಸಿಲರೇಟರ್ ಮುಟ್ಟದೆ, ಎಂಜಿನ್ 700 ಸುತ್ತಿನಲ್ಲಿ ಸುಮ್ಮನೆ ತಿರುಗುತ್ತಿದ್ದರೂ ಟ್ರಕ್ಕು ಗಂಟೆಗೆ ಐದು ಕಿ.ಮೀ.ನಷ್ಟು, ಮನುಷ್ಯ ನಡೆಯುವ ವೇಗದಲ್ಲಿ ಸಾಗುತ್ತದೆ. ಒಬ್ಬರು ಪಕ್ಕದಲ್ಲಿ ನಡೆಯುತ್ತ ಸೌದೆ ಎಸೆಯುತ್ತ ಹೋಗಬಹುದು.

ಈ ಜೋಡಿಗೆ ಒಂದು ಕೊರತೆ ಇದೆ, ಅದನ್ನು ಮುಚ್ಚಿಡಬಾರದು. ಎರಡರಿಂದ ಮೂರಕ್ಕೆ, ಅಂದರೆ 3.58ರಿಂದ 1.70ಕ್ಕೆ ಇಳಿಯುವ ಮೆಟ್ಟಿಲು ಬಹಳ ಎತ್ತರದ್ದು. ಎರಡನೆಯ ಗೇರಿನಲ್ಲಿ 3,000 ಸುತ್ತಿಗೆ ಏರಿಸಿ ಮೂರಕ್ಕೆ ಹಾಕಿದರೆ ಎಂಜಿನ್ 1,425ಕ್ಕೆ ಬೀಳುತ್ತದೆ. ಮೇಲಿನ ಸುತ್ತಿನಲ್ಲಷ್ಟೇ ಕಸುವು ತೋರಿಸುವ ಎಂಜಿನ್ ಅಲ್ಲಿ ಮುಗ್ಗರಿಸುತ್ತದೆ. ಟ್ರಕ್ಕಿಗೆಂದೇ ಮಾಡಿದ ಈ 350 ಕೆಳಗಿನ ಸುತ್ತಿನಲ್ಲೇ ಎಳೆಯುತ್ತದೆ. 1,400ರಲ್ಲಿ ಬಿಟ್ಟರೂ ತಡವರಿಸದೆ ಎತ್ತಿಕೊಳ್ಳುತ್ತದೆ. ಆದ್ದರಿಂದಲೇ ಗೇರ್‌ಬಾಕ್ಸ್‌ನ ಆಯ್ಕೆ ಎಂಜಿನ್‌ನ ಗರಿಷ್ಠ ಹಾರ್ಸ್‌ಪವರ್ ನೋಡಿ ಮಾಡುವಂಥದ್ದಲ್ಲ ಎಂದು ನಾನು ಪಟ್ಟು ಹಿಡಿದು ಹೇಳುವುದು. ಗೇರ್ ಬದಲಿಸಿದ ಮರುಕ್ಷಣ ಎಂಜಿನ್ ಎಲ್ಲಿ ಬಂದು ನಿಲ್ಲುತ್ತದೆ, ಅಲ್ಲಿ ಅದಕ್ಕೆ ಉಸಿರಿದೆಯೇ ಎಂದು ನೋಡಬೇಕು.

ಇನ್ನು ಎಂಜಿನ್‌ನ ಬೆನ್ನಿನ ಕಡೆಗೆ ಬರುತ್ತೇನೆ. ಶೆವರ್ಲೆಯ ಸಣ್ಣ ಬ್ಲಾಕ್‌ಗೆ 1986 ಒಂದು ಗಡಿ. ಅದಕ್ಕೂ ಮೊದಲು ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ಆಯಿಲ್ ಸೀಲ್ ಎರಡು ತುಂಡಿನದು, ಫ್ಲೈವೀಲ್‌ನ, ಅಂದರೆ ಕ್ರ್ಯಾಂಕ್‌ನ ಹಿಂತುದಿಗೆ ಬಿಗಿಯುವ ಭಾರದ ಚಕ್ರದ, ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ 3.58 ಇಂಚು. ಆ ವರ್ಷದಿಂದ ಸೀಲ್ ಒಂದೇ ತುಂಡಿನದು, ವೃತ್ತ 3.00 ಇಂಚು. ಹಾಗಾಗಿ ಹಳೆಯ ಆರು ಸಿಲಿಂಡರ್‌ನ ಫ್ಲೈವೀಲ್ ಇದಕ್ಕೆ ಕೂರುವುದೇ ಇಲ್ಲ. ಇದಕ್ಕಿಂತ ಮುಖ್ಯವಾದದ್ದು ತೂಕದ ಮಾತು. ಹಳೆಯ ಕ್ರ್ಯಾಂಕ್‌ನ ಹಿಂತುದಿಯ ಅಗಲ ಅಂಚಿನಲ್ಲೇ (ಫ್ಲ್ಯಾಂಜ್) ಸಮತೋಲನದ ಒಂದಿಷ್ಟು ಭಾರ ಸೇರಿತ್ತು. ಒಂದೇ ತುಂಡಿನ ಸೀಲ್ ಕೂರಬೇಕಾದರೆ ಫ್ಲ್ಯಾಂಜ್ ಪೂರ್ತಿ ದುಂಡಗಿರಬೇಕು. ಆದ್ದರಿಂದ ಆ ಭಾರವನ್ನು ಫ್ಲೈವೀಲ್‌ಗೆ ವರ್ಗಾಯಿಸಿದರು. ಹೊಸ 350ಕ್ಕೆ ಹಾಕುವ ಫ್ಲೈವೀಲ್‌ನ ಒಂದು ಪಕ್ಕಕ್ಕೆ ಭಾರ ಇದ್ದೇ ಇರಬೇಕು. ಕೊಳ್ಳುವಾಗ ಅದನ್ನು ಬೆರಳಿಟ್ಟು ನೋಡಿಯೇ ಹಣ ಕೊಟ್ಟೆ. ಹಳೆಯ ಎಂಜಿನ್‌ಗಳಲ್ಲೂ ಇಂಥದೇ ಬಲೆ ಇದೆ: 400 ಘನ ಇಂಚಿನ ಸಣ್ಣ ಬ್ಲಾಕ್‌ನ ಭಾರವಿರುವ ಫ್ಲೈವೀಲ್ ಹಳೆಯ 350ಕ್ಕೆ ಚೆನ್ನಾಗಿ ಬೋಲ್ಟ್ ಆಗುತ್ತದೆ, ಆಮೇಲೆ ಇಡೀ ಗಾಡಿ ನಡುಗುತ್ತದೆ.

ಹನ್ನೊಂದು ಇಂಚಿನ ಕ್ಲಚ್ ಬೇಕೆಂದರೆ 168 ಹಲ್ಲಿನ ದೊಡ್ಡ ಫ್ಲೈವೀಲ್ ಬೇಕು. 153 ಹಲ್ಲಿನ ಚಿಕ್ಕದರ ಮೇಲೆ ಅದು ಹಿಡಿಸದು. ದೊಡ್ಡದಕ್ಕೆ ಓರೆಯಾಗಿ ಬೋಲ್ಟ್ ಕೂರುವ ಸ್ಟಾರ್ಟರ್, ಚಿಕ್ಕದಕ್ಕೆ ನೇರ ಸಾಲಿನದು. ಕ್ಲಚ್ ಪ್ಲೇಟಿನ ನಡುವೆ ಇನ್‌ಪುಟ್ ಶಾಫ್ಟ್ ಹಿಡಿಯುವ ಹತ್ತು ಸ್ಪ್ಲೈನ್ (ಉದ್ದುದ್ದ ಹಲ್ಲುಗಳು), 1⅛ ಇಂಚಿನ ವ್ಯಾಸ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬಿಡುಗಡೆ ಬೇರಿಂಗ್‌ಗಳಲ್ಲಿ ಉದ್ದದ್ದೂ ಇದೆ, ಗಿಡ್ಡದ್ದೂ ಇದೆ; ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೆರಳುಗಳ ಎತ್ತರಕ್ಕೆ ತಕ್ಕದ್ದನ್ನು ಆರಿಸಬೇಕು.

ಆಟೊಮ್ಯಾಟಿಕ್ ಗಾಡಿಯಿಂದ ಬಂದ ಎಂಜಿನ್ ಆದ್ದರಿಂದ ಕ್ರ್ಯಾಂಕ್‌ನ ಬೆನ್ನಿನಲ್ಲಿ ಪೈಲಟ್ ಬುಷ್ ಇರಲಿಲ್ಲ. ಹೆಬ್ಬೆರಳಿನಷ್ಟಿರುವ ಈ ಕಂಚಿನ ಉಂಗುರದ ಬೆಲೆ ಒಂದು ಕಾಫಿಯಷ್ಟೂ ಇಲ್ಲ, ಆದರೆ ಇನ್‌ಪುಟ್ ಶಾಫ್ಟ್‌ನ ಮೂತಿಯನ್ನು ಹಿಡಿದು ನಿಲ್ಲಿಸುವುದು ಇದೊಂದೇ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಎಣ್ಣೆ ಹೀರಿದ ಅಸಲಿ ಕಂಚಾದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಅದರಲ್ಲಿ ಕಬ್ಬಿಣ ಬೆರೆತಿದೆ, ಶಾಫ್ಟ್‌ನ ಮೂತಿಯನ್ನು ಅದು ಸವೆಸುತ್ತದೆ. ಸರಿಯಾದ ಬುಷ್ಷನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ಹದವಾಗಿ ತಟ್ಟಿ ಕೂರಿಸಿದೆವು.

ಬೆಲ್ ಹೌಸಿಂಗ್ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆಯಲು ಕೂತದ್ದೇ ಇದಕ್ಕಾಗಿ.

ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಈ ಗಂಟೆಯಾಕಾರದ ಎರಕದ ಹಿಂಬದಿಯಲ್ಲಿ ಒಂದು ದೊಡ್ಡ ದುಂಡು ರಂಧ್ರ ಇರುತ್ತದೆ. ಗೇರ್‌ಬಾಕ್ಸ್‌ನ ಮುಂದಿನ ಬೇರಿಂಗ್ ಕವಚ ಅದರೊಳಗೆ ಕೂರುತ್ತದೆ. ಕಾರುಗಳಲ್ಲಿ ಈ ರಂಧ್ರ 4.686 ಇಂಚು, ಎಸ್‌ಎಂ465ರ ಟ್ರಕ್ ಹೌಸಿಂಗ್‌ನಲ್ಲಿ 5.125 ಇಂಚು. ಗೇರ್‌ಬಾಕ್ಸ್ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವುದು ಆ ರಂಧ್ರ, ಸುತ್ತಲಿನ ನಾಲ್ಕು ಬೋಲ್ಟ್‌ಗಳಲ್ಲ. ಆ ರಂಧ್ರದ ಕೇಂದ್ರ ಮತ್ತು ಕ್ರ್ಯಾಂಕ್‌ಶಾಫ್ಟ್‌ನ ಕೇಂದ್ರ ಒಂದೇ ಗೆರೆಯಲ್ಲಿ ಇರಲೇಬೇಕು. ಬೀಸುವ ಕಲ್ಲಿನ ನಡುಗೂಟ ತುಸು ಪಕ್ಕಕ್ಕೆ ಸರಿದಿದ್ದರೆ ಮೇಲುಕಲ್ಲು ಹೇಗೆ ತೊನೆಯುತ್ತ ಸುತ್ತುತ್ತದೋ, ಇಲ್ಲಿಯೂ ಆಗುವುದು ಅದೇ. ಪೈಲಟ್ ಬುಷ್ ಒಂದು ಪಕ್ಕಕ್ಕೆ ಸವೆಯುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಬೇರಿಂಗ್ ಗುಂಯ್ ಎನ್ನುತ್ತದೆ, ಎಳೆತ ಬಿಟ್ಟಾಗ ಗೇರ್ ತಾನಾಗಿ ಹಾರಿಬಿಡುತ್ತದೆ. ಪರಿಚಿತರೊಬ್ಬರು ಗೇರ್ ಹಾರುತ್ತದೆಂದು ಒಳ್ಳೆಯ ಗೇರ್‌ಬಾಕ್ಸನ್ನೇ ಬಿಚ್ಚಿ ರಿಪೇರಿ ಮಾಡಿಸಿ ಹಾಕಿದರು; ರೋಗ ಮತ್ತೆ ಬಂತು, ಏಕೆಂದರೆ ಅದು ಗೇರ್‌ಬಾಕ್ಸ್‌ನೊಳಗೆ ಇರಲೇ ಇಲ್ಲ.

ಕಾರ್ಖಾನೆಯಲ್ಲಿ ಒಂದು ಬ್ಲಾಕ್, ಒಂದು ಹೌಸಿಂಗ್ ಜೊತೆಯಾಗಿ ಹೊರಟಿರುತ್ತವೆ. ನಾವು ಬೇರೆ ಬೇರೆ ದಶಕದವನ್ನು ತಂದು ಜೋಡಿಸುತ್ತೇವೆ. ಹೌಸಿಂಗ್ ಎಲ್ಲಿ ಕೂರಬೇಕೆಂದು ನಿಲ್ಲಿಸುವ, ಬ್ಲಾಕ್‌ನ ಎರಡು ಡೋವೆಲ್ ಗೂಟಗಳು ಕೂದಲೆಳೆಯಷ್ಟು ಸರಿದಿದ್ದರೂ ಆ ತಪ್ಪು ನೇರ ರಂಧ್ರಕ್ಕೆ ಸಾಗುತ್ತದೆ. ಅಳೆಯದೆ ತಿಳಿಯುವ ಮಾರ್ಗವಿಲ್ಲ.

ಅಳೆಯುವುದು ಹೀಗೆ. ಕ್ಲಚ್ ಹಾಕುವ ಮೊದಲು ಫ್ಲೈವೀಲ್ ಮತ್ತು ಖಾಲಿ ಬೆಲ್ ಹೌಸಿಂಗ್ ಎರಡನ್ನೂ ಬಿಗಿದೆವು. ಕ್ರ್ಯಾಂಕ್ ಹಗುರವಾಗಿ ತಿರುಗಲಿ ಎಂದು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದೆವು. ಡಯಲ್ ಗೇಜ್‌ನ ಅಯಸ್ಕಾಂತದ ಪೀಠ ಫ್ಲೈವೀಲ್‌ನ ಮೇಲೆ, ಅದರ ಮುಳ್ಳಿನ ತುದಿ ರಂಧ್ರದ ಒಳಗೋಡೆಯ ಮೇಲೆ. ಮಗಳು ಮುಂದಿನಿಂದ ಕ್ರ್ಯಾಂಕ್‌ನ ಮುಂತುದಿಯ ಡ್ಯಾಂಪರ್ ಬೋಲ್ಟ್‌ಗೆ ಪಾನಾ ಹಾಕಿ ಒಂದೇ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸಿದಳು. ನಾನು ಹಿಂದಿನಿಂದ ಹೌಸಿಂಗ್‌ನೊಳಗೆ ತಲೆ ತೂರಿಸಿ ಮುಳ್ಳನ್ನು ಓದಿದೆ. ಗಡಿಯಾರದ ಹನ್ನೆರಡರ ಜಾಗದಲ್ಲಿ ಸೊನ್ನೆಗೆ ಹೊಂದಿಸಿದ್ದೆ. ಮೂರರ ಜಾಗಕ್ಕೆ ಬಂದಾಗ ಹನ್ನೊಂದು ಸಾವಿರಾಂಶ ಇಂಚು. ಆರರಲ್ಲಿ ಹದಿನಾರು. ಒಂಬತ್ತರಲ್ಲಿ ಐದು. ಮತ್ತೆ ಹನ್ನೆರಡಕ್ಕೆ ಬಂದಾಗ ಮುಳ್ಳು ಸೊನ್ನೆಗೆ ಮರಳಿತು. ಮರಳದಿದ್ದರೆ ಪೀಠ ಜಾರಿದೆ, ಮೊದಲಿನಿಂದ ಅಳೆಯಬೇಕು. ಎದುರುಬದುರಿನ ಓದುಗಳನ್ನು ಕೂಡಿಸಿದರೆ ಎರಡೂ ಜೋಡಿಗೆ ಹದಿನಾರೇ ಬರುವುದು ಅಳತೆ ಸರಿಯಾಗಿದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ.

ಮೇಲೆಕೆಳಗಿನ ವ್ಯತ್ಯಾಸ ಹದಿನಾರು, ಅದರ ಅರ್ಧ ಎಂಟು. ಅಡ್ಡ ವ್ಯತ್ಯಾಸ ಆರು, ಅದರ ಅರ್ಧ ಮೂರು. ಪೈಥಾಗೊರಸ್‌ನ ಸೂತ್ರ ಹಾಕಿದರೆ ಕೇಂದ್ರ ಸರಿದಿರುವುದು ಸುಮಾರು ಎಂಟೂವರೆ ಸಾವಿರಾಂಶ. ಸುತ್ತು ಪೂರ್ತಿಯಾಗುವಾಗ ಗೇಜ್ ಇದರ ಎರಡರಷ್ಟು ತೋರಿಸುವುದರಿಂದ ಅದರ ಭಾಷೆಯಲ್ಲಿ ಒಟ್ಟು ಹದಿನೇಳು. ರೂಢಿಯಲ್ಲಿರುವ ಮಿತಿ ಒಟ್ಟು ಐದು ಸಾವಿರಾಂಶ, ಅಂದರೆ 0.13 ಮಿಲಿಮೀಟರ್. ನಮ್ಮದು ಅದರ ಮೂರು ಪಟ್ಟಿಗೂ ಹೆಚ್ಚು. ಬೋಲ್ಟ್‌ಗಳು ಮಾತ್ರ ಬೆರಳಿನಲ್ಲೇ ತಿರುಗಿಸಿದರೂ ಸಲೀಸಾಗಿ ಒಳಗೆ ಹೋಗಿದ್ದವು!

ಇದಕ್ಕೆ ಮದ್ದು ಸುಲಭ. ಕೇಂದ್ರ ತಪ್ಪಿಸಿ ಕಡೆದ ಡೋವೆಲ್ ಗೂಟಗಳು 0.007, 0.014 ಮತ್ತು 0.021 ಇಂಚಿನ ಅಳತೆಯಲ್ಲಿ ಸಿಗುತ್ತವೆ. ನಾವು 0.007ರದನ್ನು ತಂದೆವು. ಹಳೆಯ ಗೂಟಗಳನ್ನು ಕಿತ್ತು, ಹೊಸವನ್ನು ಎರಡೂ ಒಂದೇ ದಿಕ್ಕಿಗೆ ಮುಖ ಮಾಡುವಂತೆ ಕೂರಿಸಿ, ಹೌಸಿಂಗ್ ಮತ್ತೆ ಬಿಗಿದು ಅಳೆದೆವು. ಎಂಟೂವರೆಯಲ್ಲಿ ಏಳು ಕಳೆದರೆ ಉಳಿಯುವುದು ಒಂದೂವರೆ. ಗೇಜ್ ಒಟ್ಟು ಮೂರು ತೋರಿಸಿತು. ಲೆಕ್ಕ ಮತ್ತು ಲೋಹ ಹೀಗೆ ಒಂದೇ ಮಾತು ಹೇಳಿದಾಗ ಆಗುವ ಸಂತೋಷಕ್ಕೆ ನನ್ನಲ್ಲಿ ಬೇರೆ ಹೋಲಿಕೆ ಇಲ್ಲ. ಎನ್‌ವಿ3500 ಬೇಡವೆಂದ ಕಾರಣವೂ ಇದೇ: ಹೌಸಿಂಗ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡೇ ಇದ್ದರೆ ಗೇಜ್ ಇಡುವುದಕ್ಕೆ ತೆರೆದ ರಂಧ್ರವೇ ಇರುವುದಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಈ ಕಾಲದ ಸಿ10ಗಳಲ್ಲಿ ಕ್ಲಚ್ ಎಳೆಯುವುದು ಕಡ್ಡಿ ಮತ್ತು ಸನ್ನೆಗೋಲುಗಳ ಜೋಡಣೆ. ಅದರ ಒಂದು ತುದಿ ಬ್ಲಾಕ್‌ನ ಪಕ್ಕದ ಗುಂಡು ತಲೆಯ ಬೋಲ್ಟ್ ಮೇಲೆ ಆತುಕೊಳ್ಳುತ್ತದೆ. ನಮ್ಮ ಬ್ಲಾಕ್‌ನಲ್ಲಿ ಅದಕ್ಕೆ ತೂತು ಇತ್ತು. ಈಚಿನ ಕೆಲವು ಬ್ಲಾಕ್‌ಗಳಲ್ಲಿ ಅದನ್ನು ಕೊರೆದೇ ಇರುವುದಿಲ್ಲ, ಎಂಜಿನ್ ಕೊಳ್ಳುವಾಗಲೇ ಬಗ್ಗಿ ನೋಡಿ. ಗೇರ್ ಕಡ್ಡಿ ಈಗ ನೆಲದಿಂದ ಮೇಲೆದ್ದಿರುವುದರಿಂದ ನಾಲ್ಕು ಗೇರಿನ ಟ್ರಕ್ಕುಗಳ ಎತ್ತರದ ನೆಲಮುಚ್ಚಳ ಬೇಕಾಯಿತು. ಗೇರ್‌ಬಾಕ್ಸ್‌ನ ಉದ್ದ ಬದಲಾದ ಕಾರಣ ಪ್ರೊಪೆಲ್ಲರ್ ಶಾಫ್ಟ್‌ನ ಅಳತೆಯನ್ನು ಟ್ರಕ್ಕು ತನ್ನ ಚಕ್ರಗಳ ಮೇಲೆ ನಿಂತಿದ್ದಾಗ ತೆಗೆದುಕೊಂಡು, ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿದೆವು. ಕ್ರ್ಯಾಂಕ್‌ನ ಗೆರೆಯೂ ಆಕ್ಸಲ್‌ನ ಪಿನಿಯನ್ ಗೆರೆಯೂ ಒಂದು ಡಿಗ್ರಿಯ ವ್ಯತ್ಯಾಸದೊಳಗೆ ಸಮಾನಾಂತರವಾಗಿರಬೇಕು. ಪಟ್ಟಿ ಸ್ಪ್ರಿಂಗ್‌ನ ಕೆಳಗೆ ಓರೆ ಬಿಲ್ಲೆ ಇಟ್ಟು ಅದನ್ನು ಸರಿಪಡಿಸಿದೆವು.

ಓಡಿಸುವ ಬಗ್ಗೆ ಒಂದೆರಡು ಮಾತು. ಎಸ್‌ಎಂ465ರ ಮೊದಲ ಗೇರಿಗೆ ಸಿಂಕ್ರೊಮೆಶ್, ಅಂದರೆ ಗೇರ್ ಕೂಡುವ ಮೊದಲು ವೇಗ ಸಮ ಮಾಡುವ ವ್ಯವಸ್ಥೆ, ಇಲ್ಲ. ಚಲಿಸುತ್ತಿರುವಾಗ ಎರಡರಿಂದ ಒಂದಕ್ಕೆ ಇಳಿಸಬೇಕಾದರೆ ಡಬಲ್ ಕ್ಲಚ್ ಹಾಕಲೇಬೇಕು: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಬಿಟ್ಟು, ಎಂಜಿನ್‌ನ ಸುತ್ತು ಏರಿಸಿ, ಮತ್ತೆ ಒತ್ತಿ ಗೇರ್ ಹಾಕಬೇಕು. ನನ್ನ ಸೋದರಮಾವ ಹಿರಿಯೂರಿನಲ್ಲಿ ಲಾರಿ ಓಡಿಸುತ್ತಿದ್ದವರು. ಚಿಕ್ಕಂದಿನಲ್ಲಿ ಅವರ ಪಕ್ಕ ಕೂತು ಶಿರಾಡಿ ಘಾಟಿ ಇಳಿಯುವಾಗ ಅವರ ಎಡಗಾಲು ಎರಡೆರಡು ಸಲ ಒತ್ತುವುದನ್ನು ನೋಡಿದ್ದೆ. ಫೋನಿನಲ್ಲಿ ಈ ಪೆಟ್ಟಿಗೆಯ ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಎರಡನೇ ಗೇರಿನಲ್ಲಿ ಎತ್ತುತ್ತದೆಯೇ?" ಎಂದು. ಎತ್ತುತ್ತದೆ. ಖಾಲಿ ಇದ್ದಾಗ ಮೊದಲನೆಯದನ್ನು ನಾವು ಮುಟ್ಟುವುದೇ ಇಲ್ಲ. ಗೊಬ್ಬರ ತುಂಬಿದ ಟ್ರೇಲರನ್ನು ಹಿಂದಿನ ಏರು ಹತ್ತಿಸುವಾಗ ಮಾತ್ರ ಅದು ಬೇಕು.

ಇದನ್ನು ಮಾಡಲು ಹೊರಟವರಿಗೆ ಇನ್ನೆರಡು ವಿಷಯ. ಗೇರ್ ಎಣ್ಣೆ ಜಿಎಲ್-4 ದರ್ಜೆಯದೇ ಇರಲಿ. ಜಿಎಲ್-5ರಲ್ಲಿರುವ ಗಂಧಕದ ಅಂಶ ಸಿಂಕ್ರೊಮೆಶ್‌ನ ಹಿತ್ತಾಳೆ ಉಂಗುರಗಳನ್ನು ತಿನ್ನಬಹುದು. ಎರಡನೆಯದು ಸ್ಪೀಡೊಮೀಟರ್. ಅದು ಗೇರ್‌ಬಾಕ್ಸ್‌ನ ಬಾಲದಿಂದ ತಿರುಗುವುದರಿಂದ ಆಕ್ಸಲ್ ಬದಲಿಸಿದರೆ ಸುಳ್ಳು ಹೇಳುತ್ತದೆ. 3.73ರಿಂದ 3.07ಕ್ಕೆ ಬಂದರೆ ಮುಳ್ಳು 80 ತೋರಿಸುವಾಗ ಗಾಡಿ 97ರಲ್ಲಿ ಓಡುತ್ತಿರುತ್ತದೆ. ಬಾಲದಲ್ಲಿರುವ ಬಣ್ಣದ ಪ್ಲಾಸ್ಟಿಕ್ ಗೇರನ್ನು ಹೊಸ ಅನುಪಾತಕ್ಕೆ ತಕ್ಕಂತೆ ಬದಲಿಸಿ, ಮೊಬೈಲಿನ ಜಿಪಿಎಸ್ ಜೊತೆ ತಾಳೆ ನೋಡಿ, ಆಮೇಲೆ ಹೆದ್ದಾರಿಗೆ ಇಳಿಸಿ.